ರಸ್ತೆಗಿಳಿದ ಎಮ್ಮೆ, ಸವೆದ ಟೈರು

ರಸ್ತೆಗೆ ಅಡ್ಡ ಬಂದ ಪ್ರಾಣಿಗೆ ವಾಹನ ಗುದ್ದುತ್ತದೋ, ಅದಕ್ಕೆ ಮೊದಲೇ ನಿಲ್ಲುತ್ತದೋ ಎಂಬುದು ತೀರ್ಮಾನವಾಗುವುದು ಟೈರು ನೆಲಕ್ಕೆ ತಾಗುವ ಜಾಗದಲ್ಲಿ. ಸುಮಾರು 1,100 ಕೆ.ಜಿ. ತೂಗುವ ಕಾರಿನ ಒಂದೊಂದು ಚಕ್ರದ ಮೇಲೆ 275 ಕೆ.ಜಿ. ಭಾರ ಬೀಳುತ್ತದೆ. ಟೈರಿನಲ್ಲಿ 32 ಪಿಎಸ್‌ಐ ಗಾಳಿ ಇದ್ದರೆ ಆ ಭಾರ ಹೊರಲು ಬೇಕಾಗುವ ಜಾಗ ಸುಮಾರು 120 ಚದರ ಸೆಂಟಿಮೀಟರ್. ಒಂದು ಅಂಗೈ ಅಗಲ ಎನ್ನಬಹುದು. ಕಾರು ಎಷ್ಟೇ ದೊಡ್ಡದಿರಲಿ, ಬ್ರೇಕು ಎಷ್ಟೇ ಬಿಗಿಯಾಗಿರಲಿ, ಅದನ್ನು ನಿಲ್ಲಿಸುವ ಶಕ್ತಿಯೆಲ್ಲ ಹಾದುಹೋಗುವುದು ಇಂಥ ನಾಲ್ಕು ಅಂಗೈಗಳ ಮೂಲಕವೇ. ಆ ನಾಲ್ಕೂ ಸದಾ ನೆಲಕ್ಕೆ ಒತ್ತಿಕೊಂಡಿರುವಂತೆ ನೋಡಿಕೊಳ್ಳುವುದು ಸಸ್ಪೆನ್ಷನ್ನಿನ ಕೆಲಸ. ಟೈರು ಪಂಕ್ಚರ್ ಆದರೆ ಮಾತ್ರ ನೆನಪಾಗುತ್ತದೆ, ಸಸ್ಪೆನ್ಷನ್ ಬೆನ್ನು ನೋವು ಬಂದಾಗ ಮಾತ್ರ. ಇವೆರಡೂ ಜೀವ ಉಳಿಸುವ ಭಾಗಗಳು ಎಂಬ ಅರಿವು ಇನ್ನೂ ಗಟ್ಟಿಯಾಗಿ ಬೇರೂರಿಲ್ಲ.

ಹಾವೇರಿ ಜಿಲ್ಲೆಯ ರಸ್ತೆಗಳಲ್ಲಿ ಈ ಅರಿವಿಗೆ ಹೆಚ್ಚಿನ ಬೆಲೆಯಿದೆ. ಬೆಂಗಳೂರು–ಪುಣೆ ಮಾರ್ಗದ ರಾಷ್ಟ್ರೀಯ ಹೆದ್ದಾರಿ 48 ರಾಣೆಬೆನ್ನೂರು, ಹಾವೇರಿ ದಾಟಿ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ, ಶಿಗ್ಗಾವಿ, ತಡಸಗಳ ಬಳಿ ಹಾದು ಹುಬ್ಬಳ್ಳಿಗೆ ಹೋಗುತ್ತದೆ. ಪಶ್ಚಿಮಕ್ಕೆ ಹೊರಳಿದರೆ ಹಾನಗಲ್ಲು. ಭತ್ತದ ಗದ್ದೆ, ಕೆರೆ, ಮಲೆನಾಡಿನ ಸೆರಗು. ಪೂರ್ವಕ್ಕೆ ಸವಣೂರಿನ ಎರೆಭೂಮಿ. ದಕ್ಷಿಣಕ್ಕೆ ಗೋವಿನಜೋಳ, ಹತ್ತಿ ಬೆಳೆಯುವ, ಮದಗ ಮಾಸೂರು ಕೆರೆಯ ಹಿರೇಕೆರೂರು. ನಾಲ್ಕೂ ಕಡೆ ದನ, ಎಮ್ಮೆ, ಕುರಿಗಳಿಲ್ಲದ ಊರಿಲ್ಲ. ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಹಬ್ಬಕ್ಕೆ ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿಗಳು ಊರಿಂದೂರಿಗೆ ಹೊರಡುತ್ತವೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಅಲ್ಲಿ ಕಾಡುಪ್ರಾಣಿಗಾಗಿ ವಾಹನವನ್ನೇ ದೂರ ಇಡಬಹುದು. ದನ ಮನೆಗೆ ಮರಳುವ ಹಾದಿಯೂ ಬಸ್ಸಿನ ಹಾದಿಯೂ ಒಂದೇ ಆಗಿರುವ ಹಾನಗಲ್ಲು–ಹಿರೇಕೆರೂರು ಸೀಮೆಯಲ್ಲಿ ಹಾಗೆ ಮಾಡಲಾಗದು. ಇಲ್ಲಿ ವಾಹನವೇ ಸರಿಯಾದ ಹೊತ್ತಿಗೆ ನಿಲ್ಲಬೇಕು.

ನಿಲ್ಲಲು ಬೇಕಾದ ದೂರದಲ್ಲಿ ಎರಡು ಭಾಗ. ಮೊದಲನೆಯದು, ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ಮುಟ್ಟಿಸುವಷ್ಟರಲ್ಲಿ ವಾಹನ ಓಡುವ ದೂರ. ಇದಕ್ಕೆ ಒಂದೂವರೆ ಸೆಕೆಂಡ್ ಹಿಡಿಯುವುದು ವಾಡಿಕೆ. ಎರಡನೆಯದು ಬ್ರೇಕ್ ಹಿಡಿದ ಮೇಲೆ ಸಾಗುವ ದೂರ. ಒಣ ಡಾಂಬರಿನ ಮೇಲೆ, ಒಳ್ಳೆಯ ಟೈರಿನಲ್ಲಿ, ಗಂಟೆಗೆ 60 ಕಿ.ಮೀ. ವೇಗದ ಕಾರಿಗೆ ಮೊದಲ ಭಾಗ 25 ಮೀಟರ್, ಎರಡನೆಯದು ಸುಮಾರು 20. ಒಟ್ಟು 45 ಮೀಟರ್. ವೇಗ 80 ಆದರೆ 33 ಮತ್ತು 36. ಒಟ್ಟು 69 ಮೀಟರ್. ರಾತ್ರಿ ಡಿಮ್ ಲೈಟಿನಲ್ಲಿ 50 ಮೀಟರ್ ಮುಂದೆ ಎಮ್ಮೆ ಕಂಡಿತು ಎಂದುಕೊಳ್ಳಿ. 60ರಲ್ಲಿ ಬಂದ ಕಾರು ಎಮ್ಮೆಗಿಂತ ಐದು ಮೀಟರ್ ಈಚೆಗೇ ನಿಲ್ಲುತ್ತದೆ. 80ರಲ್ಲಿ ಬಂದದ್ದು, ಬ್ರೇಕ್ ಪೂರ್ತಿ ಒತ್ತಿದ್ದರೂ, ಸುಮಾರು 58 ಕಿ.ಮೀ. ವೇಗದಲ್ಲಿ ಗುದ್ದುತ್ತದೆ. ಚಾಲಕ ಕಣ್ಣಂದಾಜಿನಲ್ಲಿ ‘ಸ್ವಲ್ಪ ಜೋರು’ ಎಂದುಕೊಳ್ಳುವ ಇಪ್ಪತ್ತು ಕಿಲೋಮೀಟರಿನ ಬೆಲೆ ಇದು. ಇನ್ನು ರಸ್ತೆ ಒದ್ದೆಯಾಗಿ ಹಿಡಿತ ಒಣ ರಸ್ತೆಯ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉಳಿದರೆ, 60ರ ವೇಗಕ್ಕೇ 60 ಮೀಟರ್ ಬೇಕು. ಐವತ್ತು ಮೀಟರ್ ದೂರದ ಎಮ್ಮೆ ಆಗ ಉಳಿಯುವುದಿಲ್ಲ. ಈ ಲೆಕ್ಕವೆಲ್ಲ ಟೈರು ಹೊಸದು, ಸಸ್ಪೆನ್ಷನ್ ಸರಿಯಿದೆ ಎಂದುಕೊಂಡು ಮಾಡಿದ್ದು.

ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗು ಭಾರ ಹೊರುತ್ತದೆ. ಗ್ಯಾರೇಜಿನಲ್ಲಿ ಶಾಕಪ್ ಎಂದು ಕರೆಯುವ ಶಾಕ್ ಅಬ್ಸಾರ್ಬರ್ ಆ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಸ್ಪ್ರಿಂಗು ಒಮ್ಮೆ ಒತ್ತಿದರೆ ತಾನಾಗಿ ನಿಲ್ಲುವುದಿಲ್ಲ, ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಶಾಕಪ್ಪಿನೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಆ ಚಲನೆ ಶಾಖವಾಗಿ ಕರಗಿಹೋಗುತ್ತದೆ. ಇಲ್ಲಿ ಎರಡು ಬಗೆಯ ಕುಣಿತಗಳಿವೆ ಎಂಬುದನ್ನು ಗಮನಿಸಬೇಕು. ಕಾರಿನ ಒಡಲು ಸೆಕೆಂಡಿಗೆ ಒಂದು–ಒಂದೂವರೆ ಸಲ ತೂಗುತ್ತದೆ; ಒಳಗೆ ಕೂತವರಿಗೆ ಗೊತ್ತಾಗುವುದು ಇದೇ. ಚಕ್ರ ಮಾತ್ರ ಸೆಕೆಂಡಿಗೆ ಹತ್ತು–ಹದಿನೈದು ಸಲ ಅದುರುತ್ತದೆ. ಇದು ಒಳಗಿನವರಿಗೆ ಅಷ್ಟಾಗಿ ತಿಳಿಯುವುದಿಲ್ಲ. 80 ಕಿ.ಮೀ. ವೇಗದಲ್ಲಿ ಅಂಥ ಒಂದೊಂದು ಅದುರಿಗೆ ವಾಹನ ಎರಡು ಮೀಟರಿನಷ್ಟು ಮುಂದೆ ಹೋಗಿರುತ್ತದೆ. ಶಾಕಪ್ ಸೋತಿದ್ದರೆ ಆ ಎರಡು ಮೀಟರಿನಲ್ಲಿ ಚಕ್ರ ಒಮ್ಮೆ ನೆಲಕ್ಕೆ ಬಲವಾಗಿ ಒತ್ತಿಕೊಳ್ಳುತ್ತದೆ, ಒಮ್ಮೆ ಹಗುರವಾಗುತ್ತದೆ. ಒತ್ತಿದಾಗ ಸಿಕ್ಕ ಹೆಚ್ಚಿನ ಹಿಡಿತ, ಹಗುರವಾದಾಗ ಕಳೆದುಕೊಂಡದ್ದನ್ನು ತುಂಬಿಕೊಡುವುದಿಲ್ಲ. ಭಾರ ಇಮ್ಮಡಿಯಾದರೂ ರಬ್ಬರಿನ ಹಿಡಿತ ಇಮ್ಮಡಿಯಾಗುವುದಿಲ್ಲ. ಹಾಗಾಗಿ ಅದುರುವ ಚಕ್ರದ ಸರಾಸರಿ ಹಿಡಿತ ಯಾವಾಗಲೂ ಕಡಿಮೆ. ಗುಂಡಿಬಿದ್ದ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಕಾರು ‘ಹಾರಿಹಾರಿ’ ನಿಲ್ಲುವುದು ಇದರಿಂದಲೇ. ಹಗುರವಾದ ಗಳಿಗೆಯಲ್ಲಿ ಚಕ್ರ ಜಾರತೊಡಗಿದ್ದನ್ನು, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಗುರುತಿಸಿ ಬ್ರೇಕ್ ಸಡಿಲಿಸುತ್ತದೆ. ಚಕ್ರ ಮತ್ತೆ ನೆಲ ಕಚ್ಚುವಷ್ಟರಲ್ಲಿ ವಾಹನ ಇನ್ನಷ್ಟು ಮುಂದೆ ಹೋಗಿರುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಎಬಿಎಸ್ ಕಡ್ಡಾಯ. ಆದರೆ ಸೋತ ಶಾಕಪ್ಪಿನ ಮೇಲೆ ಕೂತ ಎಬಿಎಸ್‌ಗೆ ತನ್ನ ಕೆಲಸ ಪೂರ್ತಿ ಮಾಡಲು ಆಗದು.

ಶಾಕಪ್ ಒಂದೇ ದಿನಕ್ಕೆ ಕೆಡುವುದಿಲ್ಲ, ಕೇಡು ಇರುವುದೂ ಅದರಲ್ಲೇ. ಸೀಲು ಸವೆದು ಎಣ್ಣೆ ಸ್ವಲ್ಪಸ್ವಲ್ಪವೇ ಜಿನುಗುತ್ತದೆ. ಚಾಲಕನ ಮೈ ಹೊಸ ಕುಣಿತಕ್ಕೆ ಒಗ್ಗಿಹೋಗುತ್ತದೆ. ಕೊಳವೆಯ ಮೇಲೆ ಎಣ್ಣೆ–ಧೂಳು ಕೂಡಿ ಕಪ್ಪಗೆ ಅಂಟಿರುವುದು, ಟೈರಿನ ಮೈಯಲ್ಲಿ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆತ, ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ತೂಗುವುದು ಇವು ಕಣ್ಣಿಗೆ ಕಾಣುವ ಲಕ್ಷಣಗಳು. ನಿಲ್ಲಿಸಿದ ಕಾರಿನ ಮೂಲೆಯನ್ನು ಜೋರಾಗಿ ಅದುಮಿ ಬಿಟ್ಟಾಗ ಅದು ಒಮ್ಮೆ ಮೇಲೆದ್ದು ನಿಲ್ಲಬೇಕು. ಆಡುತ್ತಲೇ ಇದ್ದರೆ ಶಾಕಪ್ಪಿನ ಆಯುಸ್ಸು ಮುಗಿದಿದೆ.

ಲಾರಿ, ಬಸ್ಸು, ಪಿಕಪ್ಪುಗಳದ್ದು ಬೇರೆ ಕಥೆ. ಅವುಗಳ ಹಿಂದಿನ ಅಚ್ಚಿನ ಮೇಲೆ ಉಕ್ಕಿನ ಪಾಟಾಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಹತ್ತಾರು ಟನ್ ಹೊರಬೇಕಾದ ಪಾಟಾ ಖಾಲಿ ಗಾಡಿಗೆ ತೀರ ಬಿರುಸು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಇಳಿಸಿ ಬರಿದಾಗಿ ಮರಳುವ ಲಾರಿಯ ಹಿಂದಿನ ಚಕ್ರಗಳು ಸಣ್ಣ ಗುಂಡಿಗೂ ಜಿಗಿಯುತ್ತವೆ. ಅದೇ ಹೊತ್ತಿಗೆ ಕುರಿ ಹಿಂಡು ಅಡ್ಡ ಬಂದು ಬ್ರೇಕ್ ಒತ್ತಿದರೆ ಹಗುರವಾದ ಆ ಚಕ್ರಗಳು ಲಾಕ್ ಆಗಿ, ಲಾರಿಯ ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ. ಖಾಲಿ ಲಾರಿ ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲ ರಸ್ತೆಗೂ ಸಲ್ಲುವುದಿಲ್ಲ. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಂತೂ ಸ್ಪ್ರಿಂಗೇ ಇಲ್ಲ. ದೊಡ್ಡ ಟೈರಿನ ಗಾಳಿಯೇ ಅದಕ್ಕೆ ಸ್ಪ್ರಿಂಗು. ಹಿಂದೆ ಕಟ್ಟಿದ ಟ್ರೇಲರಿಗೆ ಬಹಳ ಸಲ ಸ್ವಂತ ಬ್ರೇಕೂ ಇರುವುದಿಲ್ಲ. ಕಬ್ಬೋ ಇಟ್ಟಿಗೆಯೋ ತುಂಬಿದ ಟ್ರೇಲರು ತಡೆದ ಎಂಜಿನ್ನನ್ನು ಹಿಂದಿನಿಂದ ತಳ್ಳುತ್ತದೆ. ಗಂಟೆಗೆ 30 ಕಿ.ಮೀ. ಎಂಬುದು ಕಾರಿಗೆ ನಿಧಾನ, ಅಂಥ ಟ್ರ್ಯಾಕ್ಟರಿಗೆ ವೇಗವೇ.

ಬ್ರೇಕ್ ಒತ್ತಿದಾಗ ವಾಹನದ ಭಾರ ಮುಂದಕ್ಕೆ ಸರಿದು ಮೂತಿ ಕೆಳಗಾಗುತ್ತದೆ, ಹಿಂಭಾಗ ಏಳುತ್ತದೆ. ಮುಂದಿನ ಶಾಕಪ್ ಮೆದುವಾಗಿದ್ದಷ್ಟೂ ಈ ಬಾಗು ಹೆಚ್ಚು. ಇದರಿಂದ ಹಿಂದಿನ ಚಕ್ರಗಳ ಹಿಡಿತ ಕುಗ್ಗುತ್ತದೆ ಎಂಬುದು ಸಾಮಾನ್ಯವಾಗಿ ತಿಳಿದ ಸಂಗತಿ. ಹೆಡ್‌ಲೈಟಿಗೆ ಏನಾಗುತ್ತದೆ ಎಂಬುದು ಅಷ್ಟು ತಿಳಿದಿಲ್ಲ. ನೆಲದಿಂದ 65 ಸೆಂ.ಮೀ. ಎತ್ತರದ ದೀಪದ ಡಿಮ್ ಬೆಳಕಿನ ಅಂಚು 65 ಮೀಟರ್ ಮುಂದೆ ನೆಲ ಮುಟ್ಟುವಂತೆ ಹೊಂದಿಸಿದ್ದರೆ, ಕಾರಿನ ಮೂತಿ ಬರೀ ಒಂದು ಡಿಗ್ರಿ ಬಾಗಿದರೆ ಸಾಕು, ಅದು 24 ಮೀಟರಿಗೆ ಇಳಿಯುತ್ತದೆ. ಪ್ರಾಣಿಯನ್ನು ಕಂಡು ಬ್ರೇಕ್ ಒತ್ತಿದ ಕ್ಷಣವೇ ಪ್ರಾಣಿ ಕತ್ತಲೆಗೆ ಸರಿಯುತ್ತದೆ; ಅದು ನಿಂತಿದೆಯೋ ನಡೆಯುತ್ತಿದೆಯೋ ತಿಳಿಯದ ಹೊತ್ತಿನಲ್ಲಿ ಸ್ಟೀರಿಂಗ್ ಯಾವ ಕಡೆ ತಿರುಗಿಸಬೇಕು ಎಂಬ ಪ್ರಶ್ನೆ ಎದುರಾಗುತ್ತದೆ. ಇದರ ಉಲ್ಟಾ ಅಪಾಯವೂ ಇದೆ. ಮದುವೆಗೆ ಹೊರಟ ಮನೆಮಂದಿಯೆಲ್ಲ ಹಿಂದೆ ಕೂತು, ಡಿಕ್ಕಿಯಲ್ಲಿ ಪಾತ್ರೆ ತುಂಬಿ, ಹಿಂದಿನ ಸ್ಪ್ರಿಂಗು ಕುಸಿದಾಗ ಅದೇ ಬೆಳಕು ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಣ್ಣು ಕೋರೈಸಿದ ಬೈಕ್ ಸವಾರನಿಗೆ ಅಂಚಿನಲ್ಲಿ ಮಲಗಿದ ದನ ಕಾಣುವುದಿಲ್ಲ. ಅನೇಕ ಕಾರುಗಳಲ್ಲಿ ಸ್ಟೀರಿಂಗಿನ ಪಕ್ಕ 0ಯಿಂದ 3 ಅಥವಾ 4ರವರೆಗೆ ಅಂಕಿಯಿರುವ ಪುಟ್ಟ ಚಕ್ರವೊಂದಿದೆ. ಭಾರ ತುಂಬಿದಾಗ ಬೆಳಕನ್ನು ತಗ್ಗಿಸಲೆಂದೇ ಅದನ್ನು ಕೊಟ್ಟಿರುವುದು. ಕಾರು ಕೊಂಡ ದಿನದಿಂದ ಮುಟ್ಟದೆ ಬಿಟ್ಟವರೇ ಹೆಚ್ಚು.

ಟೈರಿನ ವಿಷಯಕ್ಕೆ ಬಂದರೆ, ಮೊದಲು ನೋಡಬೇಕಾದ್ದು ಅದರ ವಯಸ್ಸು. ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಮುದ್ರೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಓಡದೆ ನಿಂತ ಗಾಡಿಯ ಟೈರಿನಲ್ಲೂ ಬಿಸಿಲು, ಗಾಳಿಗೆ ರಬ್ಬರ್ ಗಡುಸಾಗುತ್ತ ಹೋಗುತ್ತದೆ. ಟೈರಿನ ಮೈಮೇಲಿನ ಗೀರು, ಅಂದರೆ ಕಚ್ಚು, ಎಷ್ಟೇ ಆಳವಾಗಿರಲಿ, ಗಡುಸಾದ ರಬ್ಬರ್ ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಅಂಟಿಕೊಳ್ಳಲಾರದು. ಅದರ ಕೆಲಸ ಮುಗಿಯಿತು. ಕಚ್ಚಿನ ಆಳಕ್ಕೆ ಕಾನೂನಿನ ಮಿತಿ ಕಾರು, ಲಾರಿಗಳಿಗೆ 1.6 ಮಿ.ಮೀ., ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 0.8 ಮಿ.ಮೀ.; ಕಚ್ಚುಗಳ ತಳದಲ್ಲಿರುವ ಪುಟ್ಟ ದಿಬ್ಬಗಳ ಮಟ್ಟಕ್ಕೆ ಟೈರು ಸವೆದರೆ ಬದಲಿಸುವ ಹೊತ್ತು ದಾಟಿದಂತೆ. ಒಣ ರಸ್ತೆಯಲ್ಲಿ ಬೋಳು ಟೈರೂ ಸಾಕಷ್ಟು ಹಿಡಿಯುತ್ತದೆ, ಅದರಿಂದಲೇ ಜನ ಮೋಸಹೋಗುತ್ತಾರೆ. ಮಳೆಯಲ್ಲಿ ನೀರನ್ನು ಹೊರಗೆ ತಳ್ಳುವುದು ಆ ಕಚ್ಚುಗಳೇ. ಅವಿಲ್ಲದಿದ್ದರೆ ನೀರಿನ ತೆಳು ಪದರದ ಮೇಲೆ ಟೈರು ತೇಲುತ್ತದೆ. ಆಗ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಗಾಳಿ ಕಡಿಮೆಯಿದ್ದರೆ ಟೈರಿನ ನಡುಭಾಗ ಮೇಲೆದ್ದು ಅಂಚುಗಳಷ್ಟೇ ಕೆಲಸ ಮಾಡುತ್ತವೆ. ಹೆಚ್ಚಿದ್ದರೆ ನಡುಭಾಗ ಮಾತ್ರ ನೆಲಕ್ಕೆ ತಾಗಿ, ಚಕ್ರ ಚೆಂಡಿನ ಹಾಗೆ ಪುಟಿಯುತ್ತದೆ. ಸವೆದ ಮೇಲೆ ಹೊಸ ರಬ್ಬರ್ ಹಾಸಿದ, ಲಾರಿಗಳ ರೀಸೋಲ್ ಟೈರು ಹಿಂದಿನ ಜೋಡಿ ಚಕ್ರಗಳಿಗೆ ಸರಿ. ದಾರಿ ತೋರಿಸುವ ಮುಂದಿನ ಚಕ್ರಗಳಿಗೆ ಅದನ್ನು ಹಾಕುವುದು ಉಳಿತಾಯವಲ್ಲ, ಅಪಾಯ.

ಟೈರು ಹೊಸದಾಗಿದ್ದರೂ ರಸ್ತೆಯ ಮೈ ಕೈಕೊಡಬಹುದು. ಮುಂಗಾರಿನ ಬಿತ್ತನೆ ಹೊತ್ತಿಗೆ ಸವಣೂರು ಕಡೆಯ ಹೊಲಗಳಿಂದ ಮೇಲೇರುವ ಟ್ರ್ಯಾಕ್ಟರುಗಳ ಚಕ್ರಕ್ಕೆ ಮೆತ್ತಿದ ಎರೆಮಣ್ಣು ಡಾಂಬರಿನ ಮೇಲೆ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಒಂದು ತುಂತುರು ಬಿದ್ದರೆ ಅದು ಎಣ್ಣೆ ಸವರಿದಷ್ಟು ಜಾರುತ್ತದೆ, ಕಚ್ಚುಗಳೊಳಗೆ ತುಂಬಿ ಹೊಸ ಟೈರನ್ನೂ ಬೋಳಾಗಿಸುತ್ತದೆ. ಸುಗ್ಗಿಯಲ್ಲಿ ಇನ್ನೊಂದು ಪಾಡು. ಕಣ ಮಾಡುವ ಪದ್ಧತಿ ಕಡಿಮೆಯಾದಂತೆ ರಸ್ತೆಯೇ ಕಣವಾಗಿದೆ. ತೆನೆಗಳನ್ನು ವಾಹನಗಳ ಚಕ್ರಕ್ಕೆ ಹಾಸಿ ಒಕ್ಕುವುದು, ಬಿಡಿಸಿದ ಗೋವಿನಜೋಳವನ್ನು ಅರ್ಧ ರಸ್ತೆಗೆ ಹರವಿ ಒಣಗಿಸುವುದು ಈ ಭಾಗದಲ್ಲಿ ನಿತ್ಯದ ನೋಟ. ಗಟ್ಟಿ ಡಾಂಬರಿನ ಮೇಲೆ ಗಟ್ಟಿ ಕಾಳು ಉರುಳುತ್ತದೆ. ರಬ್ಬರಿಗೆ ಕಚ್ಚಲು ನೆಲವೇ ಸಿಗುವುದಿಲ್ಲ. ಒಂದು ಬದಿಯ ಚಕ್ರ ಕಾಳಿನ ಮೇಲೆ, ಇನ್ನೊಂದು ಬದಿಯದು ಡಾಂಬರಿನ ಮೇಲೆ ಇರುವಾಗ ಬ್ರೇಕ್ ಒತ್ತಿದರೆ ಗಾಡಿ ಹಿಡಿತವಿರುವ ಕಡೆಗೆ ಎಳೆಯುತ್ತದೆ. ಕಾಳು ತಿನ್ನಲು ಆಡು, ದನ, ಕೋಳಿ ಅಲ್ಲೇ ಸುಳಿದಾಡುತ್ತವೆ. ಪ್ರಾಣಿ ಹೆಚ್ಚು ಇರುವಲ್ಲೇ ಹಿಡಿತ ಅತಿ ಕಡಿಮೆ. ರೈತನಿಗೆ ಒಣಗಿಸಲು ಬೇರೆ ಗಟ್ಟಿ ನೆಲ ಸಿಗದಿರುವುದು ಇದರ ಮೂಲ. ಊರಿಗೊಂದು ಒಕ್ಕಣೆ ಕಣ ಕಟ್ಟಿಸುವುದು ರಸ್ತೆ ಸುರಕ್ಷತೆಯ ಕೆಲಸವೂ ಹೌದು.

ಗುದ್ದು ತಪ್ಪದೇ ಹೋದಾಗ, ಪರಿಣಾಮವನ್ನು ತೀರ್ಮಾನಿಸುವುದು ಪ್ರಾಣಿಯ ಆಕಾರ ಮತ್ತು ವಾಹನದ ಎತ್ತರ. ಧಾರವಾಡಿ ಎಮ್ಮೆಯಂಥ ದೊಡ್ಡ ಪ್ರಾಣಿಯ ಭಾರವೆಲ್ಲ ಕಾಲುಗಳ ಮೇಲೆ, ಕಾರಿನ ಬಾನೆಟ್ಟಿನ ಅಂಚಿಗಿಂತ ಎತ್ತರದಲ್ಲಿರುತ್ತದೆ. ಬಂಪರ್ ಅದರ ಕಾಲುಗಳನ್ನು ಕಡಿದಂತೆ ಹೊಡೆಯುತ್ತದೆ; ಒಡಲು ಬಾನೆಟ್ಟಿನ ಮೇಲೆ ಉರುಳಿ ಮುಂದಿನ ಗಾಜಿಗೆ ಅಪ್ಪಳಿಸುತ್ತದೆ. ಬ್ರೇಕಿನಿಂದ ಮೂತಿ ತಗ್ಗಿದ್ದರೆ ಇದು ಇನ್ನೂ ಸುಲಭ. ಕಪ್ಪು ಮೈ ಬೆಳಕನ್ನು ನುಂಗುವುದರಿಂದ ರಾತ್ರಿ ಎಮ್ಮೆ ಕಾಣುವುದೂ ತಡ. ಕೊರಳಿಗೋ ಕೋಡಿಗೋ ಸುತ್ತಿದ ರೇಡಿಯಂ ಪಟ್ಟಿ ಅದರ ಜೀವಕ್ಕೂ ಕಾರಿನವರ ಜೀವಕ್ಕೂ ಕಾವಲು. ಕಾಡುಹಂದಿಯದ್ದು ಇದಕ್ಕೆ ತದ್ವಿರುದ್ಧ. ಹಾನಗಲ್ಲಿನ ಗದ್ದೆಗಳಿಗೆ ರಾತ್ರಿ ನುಗ್ಗುವ ಹಂದಿ ಗಿಡ್ಡ, ಗಟ್ಟಿ. ಬಂಪರಿನ ಕೆಳಗೆ ಸಿಕ್ಕಿ ರೇಡಿಯೇಟರು, ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್‌ಗಳನ್ನು ಮುರಿಯುತ್ತದೆ, ಹಗುರ ಗಾಡಿಯ ಚಕ್ರವನ್ನೇ ಎತ್ತಿಬಿಡುತ್ತದೆ. ಕುರಿ ಹಿಂಡಿನಲ್ಲಿ ಅಪಾಯವಿರುವುದು ಸಂಖ್ಯೆಯಲ್ಲಿ. ಮುಂದಿನದು ದಾಟಿತೆಂದರೆ ಹಿಂದಿನವು ನಿಲ್ಲುವುದಿಲ್ಲ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಲು ಊರೂರು ತಿರುಗುವ ಕುರಿಗಾಹಿಗೆ ಒಂದು ಲಾರಿಯ ಸವೆದ ಟೈರು ವರ್ಷದ ದುಡಿಮೆಯನ್ನೇ ಕಸಿದುಕೊಳ್ಳಬಲ್ಲದು.

ಕೃಷ್ಣಮೃಗವೂ ಸಾಲುಗಟ್ಟಿಯೇ ದಾಟುವ ಪ್ರಾಣಿ. 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ಹರವಿನ ರಾಣೆಬೆನ್ನೂರು ಅಭಯಾರಣ್ಯದ ಗಡಿಯೊಳಗೆ ಅದು ನಿಲ್ಲುವುದಿಲ್ಲ. ಮೇವು ಅರಸಿ ಹೊಲಗಳಿಗೆ ಇಳಿಯುತ್ತದೆ. ಬೆದರಿದರೆ ವಾಹನದ ಮುಂದೆಯೇ ನೆಗೆಯುತ್ತದೆ. ಒಂದು ದಾಟಿದ್ದು ಕಂಡರೆ ಅದರ ಹಿಂದೆ ಇನ್ನೊಂದು ಇದೆ ಎಂದೇ ತಿಳಿದು ವೇಗ ತಗ್ಗಿಸಬೇಕು. ಬಂಕಾಪುರದ ಕೋಟೆಯೊಳಗಿನ 139 ಎಕರೆಯ ನವಿಲುಧಾಮ ಹೆದ್ದಾರಿಗೆ ದೂರವಿಲ್ಲ. ಭಾರವಾದ ಗರಿಯ ಗಂಡು ನವಿಲು ನೆಲದಿಂದ ಮೇಲೇಳಲು ಹೊತ್ತು ಹಿಡಿಯುತ್ತದೆ, ಎದ್ದರೂ ಮೊದಲು ಸಾಗುವುದು ಗಾಜಿನ ಎತ್ತರದಲ್ಲೇ. 

ಬೈಕಿಗೆ ನಾಯಿಯೇ ದೊಡ್ಡ ಶತ್ರು. ಇಲ್ಲಿ ಮುಂದಿನ ಚಕ್ರದ ಸಸ್ಪೆನ್ಷನ್ ಆದ ಫೋರ್ಕಿನ ವಿಷಯ ತಿಳಿದಿರುವುದು ಒಳ್ಳೆಯದು. ಸಾಮಾನ್ಯ ಬೈಕಿನ ಫೋರ್ಕು ಹತ್ತು–ಹನ್ನೆರಡು ಸೆಂ.ಮೀ. ಒಳಗೆ ಹೋಗಬಲ್ಲದು. ಮುಂದಿನ ಬ್ರೇಕ್ ಬಲವಾಗಿ ಹಿಡಿದಾಗ ಅದರಲ್ಲಿ ಬಹುಪಾಲು ಆಗಲೇ ಮುಗಿದಿರುತ್ತದೆ. ಆ ಸ್ಥಿತಿಯಲ್ಲಿ ನಾಯಿಗೆ ತಾಗಿದರೆ ಏಟು ನುಂಗಲು ಫೋರ್ಕಿನಲ್ಲಿ ಜಾಗವಿಲ್ಲ; ಚಕ್ರ ತಿರುಚಿ ಸವಾರ ಮುಂದಕ್ಕೆ ಹಾರುತ್ತಾನೆ. ಆದ್ದರಿಂದ ನೇರವಾಗಿ, ಬಲವಾಗಿ ಬ್ರೇಕ್ ಹಿಡಿದು ವೇಗ ಇಳಿಸಬೇಕು. ಡಿಕ್ಕಿ ತಪ್ಪದು ಎಂದು ಖಚಿತವಾದ ಕೊನೆಯ ಗಳಿಗೆಯಲ್ಲಿ ಮುಂದಿನ ಬ್ರೇಕ್ ಬಿಟ್ಟು, ಹ್ಯಾಂಡಲ್ ನೆಟ್ಟಗೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬ್ರೇಕ್ ಬಿಟ್ಟೊಡನೆ ಫೋರ್ಕು ಮೇಲೆದ್ದು ಏಟಿಗೆ ಅವಕಾಶ ಕೊಡುತ್ತದೆ. ಕಾರಿನಲ್ಲಿ ಅಂಥ ಲೆಕ್ಕಾಚಾರಕ್ಕೆ ಹೋಗದೆ ಕೊನೆಯವರೆಗೂ ಬ್ರೇಕ್ ಒತ್ತಿ ಹಿಡಿಯುವುದೇ ಲೇಸು. ಏಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 80ರಿಂದ 40ಕ್ಕೆ ಇಳಿಸಿದರೆ ಉಳಿಯುವುದು ನಾಲ್ಕನೇ ಒಂದು ಭಾಗ. 2019ರ ನಂತರದ ಬೈಕುಗಳಲ್ಲಿ 125 ಸಿಸಿಗಿಂತ ದೊಡ್ಡವಕ್ಕೆ ಎಬಿಎಸ್, ಅದಕ್ಕಿಂತ ಸಣ್ಣವಕ್ಕೆ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಸಿಬಿಎಸ್ ಇರುತ್ತದೆ. ಹಳ್ಳಿಗಳಲ್ಲಿ ಓಡುವ ಹೆಚ್ಚಿನವು ಸಣ್ಣವೇ, ಅವುಗಳಲ್ಲೂ ಹಳೆಯವು ಬಹಳ.

ತಪ್ಪಿಸಲು ಪಕ್ಕಕ್ಕೆ ಎಳೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅತಿ ಹೆಚ್ಚು ಅಪಾಯದ್ದೂ ಅದೇ. ಟೈರಿನ ಹಿಡಿತ ಒಂದೇ ಗಂಟು. ಬ್ರೇಕಿಗೆ ಪೂರ್ತಿ ಖರ್ಚಾದರೆ ತಿರುವಿಗೆ ಏನೂ ಉಳಿಯುವುದಿಲ್ಲ. 1997ರಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ಇದನ್ನು ಜಗತ್ತಿಗೆ ತೋರಿಸಿಕೊಟ್ಟಿತು. ಅಲ್ಲಿನ ರಸ್ತೆಗಳಿಗೆ ಮೂಸ್ ಎಂಬ ಬೃಹತ್ ಜಿಂಕೆ ಅಡ್ಡ ಬರುವುದು ಸಾಮಾನ್ಯ. ಅದನ್ನು ತಪ್ಪಿಸುವಂತೆ ಒಮ್ಮೆ ಎಡಕ್ಕೆ, ಕೂಡಲೇ ಬಲಕ್ಕೆ ಎಳೆದ ಪರೀಕ್ಷೆಯಲ್ಲಿ ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಮರ್ಸಿಡಿಸ್ ಎ–ಕ್ಲಾಸ್ ಕಾರು ಮಗುಚಿಬಿತ್ತು. ಎತ್ತರದ ಒಡಲು ಮೊದಲ ಎಳೆತಕ್ಕೆ ಒಂದು ಕಡೆ ವಾಲಿ, ಎರಡನೆಯದಕ್ಕೆ ಸ್ಪ್ರಿಂಗಿನ ಒದೆತವೂ ಸೇರಿ ಇನ್ನೊಂದು ಕಡೆ ಬೀಳುತ್ತದೆ. ಕಂಪನಿ ಸಸ್ಪೆನ್ಷನ್ ಬದಲಿಸಿತು, ಗಾಡಿ ಜಾರತೊಡಗಿದರೆ ಬೇಕಾದ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕುವ ಇಎಸ್‌ಪಿ ವ್ಯವಸ್ಥೆಯನ್ನು ಅಳವಡಿಸಿತು. ಸಣ್ಣ ಕಾರುಗಳಿಗೆ ಆ ವ್ಯವಸ್ಥೆ ಹರಡಲು ಇದೂ ಒಂದು ಕಾರಣವಾಯಿತು. ಮೇಲೆ ಗಂಟುಮೂಟೆ ಕಟ್ಟಿದ, ಶಾಕಪ್ ಸೋತ ಎತ್ತರದ ಗಾಡಿ ಹಾನಗಲ್ಲು ರಸ್ತೆಯಲ್ಲಿ ದನ ತಪ್ಪಿಸಲು ಹೋಗುವಾಗ ಆಗುವುದೂ ಇದೇ. ಒಂದು ಚಕ್ರ ಡಾಂಬರಿನ ಅಂಚಿನಿಂದ ಮಣ್ಣಿಗೆ ಇಳಿದರೆ, ಮರಳಿ ಹತ್ತಿಸುವ ಎಳೆತಕ್ಕೆ ಗಾಡಿ ಎದುರಿನ ವಾಹನದ ಮೇಲೆ ಹೋಗುತ್ತದೆ. ನೇರವಾಗಿ ಬ್ರೇಕ್ ಹಿಡಿದು, ತಿರುಗಿಸಲೇಬೇಕಾದರೆ ಪ್ರಾಣಿ ಬಂದ ಕಡೆಯತ್ತ, ಅದರ ಬೆನ್ನ ಹಿಂದಕ್ಕೆ ಸ್ವಲ್ಪವೇ ತಿರುಗಿಸುವುದು ಕ್ಷೇಮ. ಪ್ರಾಣಿಯಿಂದ ರಕ್ಷಣೆಗೆಂದು ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಿಸುವವರಿದ್ದಾರೆ. ಅದು ಏಟನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗಿನ ಸೆನ್ಸರ್‌ಗಳನ್ನು ದಾರಿತಪ್ಪಿಸುತ್ತದೆ, ಮುಂದಿನ ಸ್ಪ್ರಿಂಗಿನ ಮೇಲೆ ಹೊಸ ಭಾರ ಹೇರುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥವನ್ನು ತೆಗೆಸುವಂತೆ ರಾಜ್ಯಗಳಿಗೆ ಸೂಚಿಸಿದ್ದು ಸರಿಯಾಗಿಯೇ ಇತ್ತು.

ಮಳೆಗಾಲದ ರಾತ್ರಿ ಕೆರೆಯಂಚಿನ ರಸ್ತೆ ದಾಟುವ ಕಪ್ಪೆ, ಬಿಸಿ ಡಾಂಬರಿನ ಮೇಲೆ ಮಲಗುವ ಹಾವು, ನಿಧಾನವಾಗಿ ಸಾಗುವ ಆಮೆಗಳ ಲೆಕ್ಕ ಯಾರೂ ಇಡುವುದಿಲ್ಲ. ಒಳ್ಳೆಯ ಸಸ್ಪೆನ್ಷನ್ ಅವುಗಳ ಮೇಲೆ ಚಕ್ರ ಹರಿದದ್ದನ್ನು ಒಳಗಿನವರಿಗೆ ತಿಳಿಸುವುದೂ ಇಲ್ಲ. ಹಳೆಯ ಜೀಪಿನಲ್ಲಿ 60ರ ವೇಗಕ್ಕೇ ಮೈಯೆಲ್ಲ ಅದುರುತ್ತಿತ್ತು. ಇಂದಿನ ಮೆತ್ತನೆಯ ಕಾರಿನಲ್ಲಿ 100 ಕೂಡ ತಿಳಿಯುವುದಿಲ್ಲ. ಆರಾಮ ಹೆಚ್ಚಿದಷ್ಟೂ ಕಣ್ಣು ಸ್ಪೀಡೋಮೀಟರಿನ ಮೇಲೆ ಹೆಚ್ಚು ಇರಬೇಕಾಗಿದೆ.

ಪ್ರಾಣಿಗೆ ಗುದ್ದಿದ ವಾಹನವನ್ನು ಮೇಲ್ನೋಟಕ್ಕೆ ಏನೂ ಆಗಿಲ್ಲವೆಂದು ಓಡಿಸಿಕೊಂಡು ಹೋಗಬಾರದು. ಟೈರಿನ ಪಕ್ಕದ ಗೋಡೆಯಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ದಾರಗಳು ತುಂಡಾಗಿವೆ, ಮುಂದೆ ಯಾವಾಗ ಬೇಕಾದರೂ ಒಡೆಯಬಹುದು. ಸ್ಟೀರಿಂಗ್ ನೆಟ್ಟಗಿದ್ದರೂ ಗಾಡಿ ಒಂದು ಕಡೆ ಎಳೆದರೆ ಟೈ ರಾಡ್ ಅಥವಾ ಲೋವರ್ ಆರ್ಮ್ ಬಾಗಿದೆ. ಕೆಳಗೆ ಹಸಿರೋ ಕೆಂಪೋ ನೀರು ತೊಟ್ಟಿಕ್ಕಿದರೆ ರೇಡಿಯೇಟರ್ ಒಡೆದಿದೆ. ಅಲೈನ್‌ಮೆಂಟ್ ಮಾಡಿಸುವ ಮೊದಲು ಬಾಗಿದ ಭಾಗ ಬದಲಿಸಬೇಕು, ಇಲ್ಲದಿದ್ದರೆ ಹೊಸ ಟೈರು ತಿಂಗಳುಗಳಲ್ಲೇ ಒಂದು ಬದಿ ಸವೆಯುತ್ತದೆ. ಗಾಯಗೊಂಡ ದನಕ್ಕೆ ಪಶು ಸಂಜೀವಿನಿಯ 1962 ಸಂಖ್ಯೆಗೂ, ರಾಷ್ಟ್ರೀಯ ಹೆದ್ದಾರಿಯ ಮೇಲೆ ಬಿದ್ದ ಪ್ರಾಣಿಯನ್ನು ಹಿಂದೆ ಬರುವ ವಾಹನಗಳಿಗೆ ಅಪಾಯವಾಗದಂತೆ ತೆರವುಗೊಳಿಸಲು 1033ಕ್ಕೂ ಕರೆ ಮಾಡಬಹುದು. ನೆರವು ಬರುವವರೆಗೆ ಹಜಾರ್ಡ್ ಲೈಟ್ ಹಾಕಿ, ತ್ರಿಕೋನ ಫಲಕವನ್ನು ವಾಹನದಿಂದ ಸಾಕಷ್ಟು ಹಿಂದೆ ಇಡಬೇಕು. 80ರಲ್ಲಿ ಬರುವ ಲಾರಿಗೆ ನಿಲ್ಲಲು ಕಾರಿಗಿಂತ ಹೆಚ್ಚು ದೂರ ಬೇಕು.